ಮೊದಲು ತ್ರಿಭುಜ ಆಗುತ್ತಾ ಅಂತ ಕೇಳಿ

5, 5, 12. ಈ ಮೂರು ಅಂಕಿ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಾಸನದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಪಿಯುಸಿ ಮೊದಲ ವರ್ಷ ಓದುತ್ತಿದ್ದಾಳೆ. ಮೊನ್ನೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಅಕ್ಕಾ, ತ್ರಿಭುಜದ ಪ್ರೋಗ್ರಾಂ ಬರೆದಿದ್ದೀನಿ, ನೋಡಿ" ಅಂದಳು. ಮೂರು ಬಾಹುಗಳ ಅಳತೆ ಕೊಡಬೇಕು. ಮೂರೂ ಒಂದೇ ಆದರೆ ಸಮಬಾಹು. ಎರಡು ಒಂದೇ ಆದರೆ ಸಮದ್ವಿಬಾಹು. ಮೂರೂ ಬೇರೆ ಬೇರೆ ಆದರೆ ಅಸಮಬಾಹು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು.

ನಾನು 5, 5, 12 ಕೊಟ್ಟೆ. "ಸಮದ್ವಿಬಾಹು" ಅಂತ ಬಂತು.

ಅವಳ ಅಜ್ಜಿ ಮನೆ ಸಕಲೇಶಪುರದ ಕಡೆ. ಹೆಂಚಿನ ಮನೆ. "12 ಅಡಿ ಅಗಲದ ಕೋಣೆಗೆ ಎರಡು ಕಡೆಯಿಂದ 5 ಅಡಿ ಪಕಾಸು, ಅಂದರೆ ಹೆಂಚು ಹೊರುವ ಓರೆ ಮರ, ಇಟ್ಟರೆ ಏನಾಗುತ್ತೆ?" ಅಂತ ಕೇಳಿದೆ. "ಮೇಲೆ ಸೇರೋದೇ ಇಲ್ಲ ಅಕ್ಕಾ." ಸರಿ, 6 ಅಡಿಯದ್ದು? "ಸೇರುತ್ತೆ, ಆದ್ರೆ ಚಪ್ಪಟೆ. ಮಳೆ ನೀರು ಇಳಿಯಲ್ಲ."

ನೋಡಿ, ಉತ್ತರ ಅವಳಿಗೆ ಗೊತ್ತೇ ಇತ್ತು! ಯಾವ ಎರಡು ಬಾಹು ಕೂಡಿಸಿದರೂ ಮೂರನೆಯದಕ್ಕಿಂತ ಜಾಸ್ತಿ ಇರಬೇಕು. ಸಮ ಇದ್ದರೂ ಸಾಲದು. ಅಜ್ಜಿ ಮನೆಯ ಮಾಡು ಅವಳ ಕಣ್ಣ ಮುಂದಿದೆ. ಕಂಪ್ಯೂಟರ್ ಯಾವ ಮಾಡನ್ನೂ ನೋಡಿಲ್ಲ. ಅದಕ್ಕೆ ಕಾಣುವುದು ಮೂರು ಸಂಖ್ಯೆ ಅಷ್ಟೇ. 0, 0, 0 ಕೊಟ್ಟರೂ ಸಮಬಾಹು ಅಂತಲೇ ಹೇಳುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. "ಇದು ತ್ರಿಭುಜ ಅಲ್ಲ" ಎಂದು ಹೇಳಲು ಬಾರದ ಪ್ರೋಗ್ರಾಂಗೆ ಪೂರ್ತಿ ಮಾರ್ಕ್ಸ್ ಕೊಡಬಾರದು. ಸಮವೋ ಅಲ್ಲವೋ ಎಂದು ಹೋಲಿಸುವುದು ಸುಲಭದ ಕೆಲಸ. ಏನನ್ನು ಮೊದಲು ಕೇಳಬೇಕು ಅನ್ನುವುದೇ ಇಲ್ಲಿ ಕಲಿಯಬೇಕಾದ್ದು.

ಇದು ಮಕ್ಕಳ ಲೆಕ್ಕ ಅಂದುಕೊಳ್ಳಬೇಡಿ. 1979ರಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಒಂದು ಪುಸ್ತಕ ಬರೆದರು. ಅದು ಶುರುವಾಗುವುದೇ ಇಂಥ ತ್ರಿಭುಜದ ಪ್ರೋಗ್ರಾಂನಿಂದ. ಇದನ್ನು ಪರೀಕ್ಷಿಸಲು ಏನೇನು ಕೊಟ್ಟು ನೋಡುತ್ತೀರಿ ಅಂತ ಕೇಳುತ್ತಾರೆ. ಅನುಭವಿ ಪ್ರೋಗ್ರಾಮರ್‌ಗಳಿಗೇ ಸರಾಸರಿ ಸಿಕ್ಕಿದ್ದು 14ಕ್ಕೆ 7.8 ಅಂಕ ಅಂತೆ.

ಎಡವಿ ಬೀಳುವಂಥ ಗುಂಡಿಗಳು ಇನ್ನೂ ಕೆಲವು ಇವೆ. ಪೈಥಾನ್‌ನಲ್ಲಿ ಟೈಪ್ ಮಾಡಿದ್ದು ಅಕ್ಷರವಾಗಿ ಬರುತ್ತದೆ. ಸಂಖ್ಯೆಗೆ ಬದಲಾಯಿಸದಿದ್ದರೆ 3 ಮತ್ತು 4 ಕೂಡಿದರೆ 34! ಸಿ ಭಾಷೆಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಸಮವೇ ಅಂತ ಕೇಳಿದರೆ 5, 5, 5 ಸಮ ಅಲ್ಲ ಅನ್ನುತ್ತದೆ, ಏಕೆಂದರೆ ಮೊದಲ ಹೋಲಿಕೆಯ ಉತ್ತರ 1 (ಅಂದರೆ "ಹೌದು"), ಆ 1 ಅನ್ನು ಮೂರನೇ 5ರ ಜೊತೆ ಹೋಲಿಸುತ್ತದೆ. 0.1, 0.2, 0.3 ಕೊಟ್ಟು ನೋಡಿ. ಚಪ್ಪಟೆ ಗೆರೆ, ತ್ರಿಭುಜವೇ ಅಲ್ಲ. ಆದರೆ ಪೈಥಾನ್ ಲೆಕ್ಕದಲ್ಲಿ 0.1 ಮತ್ತು 0.2 ಸೇರಿದರೆ 0.3ಕ್ಕಿಂತ ಒಂದು ಚೂರು ಜಾಸ್ತಿ. ಅದಕ್ಕೇ ಅಸಮಬಾಹು ಅನ್ನುತ್ತದೆ. ಸೆಂಟಿಮೀಟರ್ ಬಿಟ್ಟು ಮಿಲಿಮೀಟರ್‌ನಲ್ಲಿ 1, 2, 3 ಅಂತ ಕೊಟ್ಟರೆ ಸರಿಹೋಗುತ್ತದೆ.

ಹುಡುಗಿ ಅಲ್ಲೇ ಕೂತು ತಿದ್ದಿದಳು. ಮೊದಲ ಎರಡರ ಮೊತ್ತ ಮೂರನೆಯದಕ್ಕಿಂತ ಜಾಸ್ತಿಯೇ ಅಂತ ಸೇರಿಸಿದಳು. 5, 5, 12 ಸಿಕ್ಕಿಬಿತ್ತು. ಖುಷಿಯಾಯಿತು. ಆಮೇಲೆ ತಾನೇ ನಿಧಾನಕ್ಕೆ ಕೇಳಿದಳು: "ಅಕ್ಕಾ, 12 ಮೊದಲು ಬಂದರೆ?"

ನೀವೂ ನಿಮ್ಮ ಪ್ರೋಗ್ರಾಂ ತೆರೆದು 12, 5, 5 ಕೊಡಿ. ಏನು ಬಂತು ಅಂತ ನನಗೆ ಹೇಳಿ.