ತಪ್ಪು ಕಂಡವರೇ ಲೈನ್ ನಿಲ್ಲಿಸಲಿ

ಕೇಳುಗರಿಗೆ ನಮಸ್ಕಾರ.

ಟೊಯೋಟಾ ಕಾರ್ಖಾನೆಗಳ ಅಸೆಂಬ್ಲಿ ಲೈನಿನಲ್ಲಿ, ಅಂದರೆ ಕಾರು ಜೋಡಿಸುತ್ತಾ ಸಾಗುವ ಸಾಲಿನಲ್ಲಿ, ಕೈಗೆಟುಕುವಂತೆ ಒಂದು ಹಗ್ಗ ಕಟ್ಟಿರುತ್ತಿದ್ದರು. ಅದಕ್ಕೆ ಆಂಡಾನ್ ಹಗ್ಗ ಅಂತ ಹೆಸರು. ಈಗ ಹಲವು ಕಡೆ ಅದರ ಜಾಗದಲ್ಲಿ ಗುಂಡಿ ಬಂದಿದೆ. ಕೆಲಸ ಮಾಡುವವರಿಗೆ ಏನೋ ಸರಿಯಿಲ್ಲ ಅನ್ನಿಸಿತು ಅನ್ನಿ. ಯಾರನ್ನೂ ಕೇಳಬೇಕಿಲ್ಲ, ಹಗ್ಗ ಎಳೆದರಾಯಿತು. ದೀಪ ಹತ್ತುತ್ತದೆ, ತಂಡದ ಲೀಡರ್ ಬರುತ್ತಾರೆ. ಗಾಡಿ ಗೊತ್ತುಮಾಡಿದ ಗುರುತು ಮುಟ್ಟುವುದರೊಳಗೆ ಸರಿಹೋಗದಿದ್ದರೆ ಇಡೀ ಲೈನೇ ನಿಲ್ಲುತ್ತದೆ.

ಹಗ್ಗ ಕಟ್ಟುವುದು ಸುಲಭ. ಓಡಿ ಬಂದ ಲೀಡರ್ ಮೊದಲು ಏನು ಕೇಳುತ್ತಾರೆ ಅನ್ನುವುದೇ ಮುಖ್ಯ. "ಏನಾಯ್ತು, ನೋಡೋಣ" ಅಂದರೆ ಹಗ್ಗಕ್ಕೆ ಬೆಲೆ ಇದೆ. "ಯಾರು ಮಾಡಿದ್ದು?" ಅಂದರೆ ನಾಳೆಯಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ತಪ್ಪು ಮುಚ್ಚಿಕೊಂಡೇ ಮುಂದೆ ಹೋಗುತ್ತದೆ, ಕೊನೆಗೆ ಗ್ರಾಹಕರ ಕೈ ಸೇರುತ್ತದೆ. ಗುಣಮಟ್ಟದ ವಿಷಯದಲ್ಲಿ ದೊಡ್ಡ ಹೆಸರಾದ ಎಡ್ವರ್ಡ್ಸ್ ಡೆಮಿಂಗ್ ಮ್ಯಾನೇಜರುಗಳಿಗೆ ಹೇಳಿದ 14 ಮಾತುಗಳಲ್ಲಿ ಒಂದು ಇದೇ: ಕೆಲಸದ ಜಾಗದಿಂದ ಹೆದರಿಕೆ ಓಡಿಸಿ. ನನಗಂತೂ ಆ ಹದಿನಾಲ್ಕರಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಕಳಪೆ ಕೆಲಸ ಇವಕ್ಕೇ ಹೆಸರಾಗಿತ್ತು. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜತೆ ಸೇರಿ ಅದನ್ನು ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಳಬರೇ. ಅವರ ಕೈಗೆ ಹಗ್ಗ ಕೊಟ್ಟರು, ತರಬೇತಿ ಕೊಟ್ಟರು, ಎಳೆದಾಗ ಸಹಾಯಕ್ಕೆ ಬಂದರು. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಒಳ್ಳೆಯ ಕಾರುಗಳು ಹೊರಬಂದವು. ಹಾಗಾದರೆ ಮೊದಲು ಕೆಟ್ಟಿದ್ದು ಜನರಲ್ಲ, ನಡೆಸುವ ರೀತಿ ಅಲ್ವಾ?

ಸೇವೆಯ ಕೆಲಸದಲ್ಲೂ ಇದೇ ಮಾತು. ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ತೊಂದರೆ ಸರಿಪಡಿಸಲು ಪ್ರತಿಯೊಬ್ಬ ನೌಕರರೂ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು, ಮೇಲಿನವರ ಅಪ್ಪಣೆ ಬೇಕಿಲ್ಲ ಅನ್ನುವ ನಿಯಮ ಹೆಸರುವಾಸಿ. ಅಷ್ಟು ದುಡ್ಡು ಬೇಕಾಗುವುದು ಅಪರೂಪ. ಆದರೆ ಅತಿಥಿ ತನ್ನ ದೂರನ್ನು ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳುವುದು ತಪ್ಪುತ್ತದೆ. ಗ್ರಾಹಕರಿಗೆ ಸಿಟ್ಟು ಬರುವುದು ತಪ್ಪಾಯಿತು ಅಂತ ಮಾತ್ರ ಅಲ್ಲ. "ಮೇಲಿನವರನ್ನು ಕೇಳಿ ಹೇಳ್ತೀವಿ" ಅಂತ ಕಾಯಿಸಿದಾಗ ಸಿಟ್ಟು ಇನ್ನೂ ಜಾಸ್ತಿ.

ಒಂದು ಎಚ್ಚರಿಕೆ ಹೇಳಲೇಬೇಕು. ಸುಮ್ನೆ "ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ" ಅಂದುಬಿಟ್ಟು, ತರಬೇತಿಯನ್ನೂ ಕೊಡದೆ, ಮಾಹಿತಿಯನ್ನೂ ಕೊಡದೆ ಇದ್ದರೆ ಅದು ಅಧಿಕಾರ ಕೊಟ್ಟಂತಲ್ಲ. ಹೊರೆ ದಾಟಿಸಿದಂತೆ. ಎಷ್ಟರವರೆಗೆ ನಿರ್ಧಾರ ನೌಕರರದು, ಎಲ್ಲಿಂದ ಮೇಲೆ ಕೇಳಬೇಕು ಅನ್ನುವ ಗೆರೆ ಸ್ಪಷ್ಟವಾಗಿರಲಿ. ಗೆರೆಯೊಳಗೆ ತೆಗೆದುಕೊಂಡ ನಿರ್ಧಾರ ತಪ್ಪಾದರೂ ಮುಖ್ಯಸ್ಥರು ಅವರ ಬೆನ್ನಿಗೆ ನಿಲ್ಲಬೇಕು.

ನೀವು ಒಂದು ತಂಡ ನಡೆಸುವವರಾಗಿದ್ದರೆ, ಈ ತಿಂಗಳ ದೂರುಗಳನ್ನು ಒಮ್ಮೆ ತೆಗೆದು ನೋಡಿ. ಮೊದಲು ಕೇಳಿಸಿಕೊಂಡವರೇ ಬಗೆಹರಿಸಿದ್ದು ಎಷ್ಟು? ಬಗೆಹರಿಸಲಾಗದಿದ್ದ ಕಡೆ ಅವರ ಹತ್ತಿರ ಏನಿರಲಿಲ್ಲ? ಮಾಹಿತಿಯೇ, ದುಡ್ಡೇ, ಅಥವಾ ಹೋದ ಸಲ ಸಿಕ್ಕ ಬೈಗುಳ ನೆನಪಾಗಿ ಧೈರ್ಯವೇ? ಇದನ್ನು ಅವರನ್ನೇ ಕೇಳಿ, ಪೂರ್ತಿ ಹೇಳಲು ಬಿಡಿ.

ನಮಸ್ಕಾರ.