ಡ್ರಿಪ್ಪಿಂಗ್ ಪ್ಯಾನ್‌ಗೆ ಇಬ್ಬರ ಟಿಕೆಟ್

ಶನಿವಾರ ಬೆಳಗ್ಗೆ, ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್. ಇಲ್ಲಿಂದ ಲೂಯಿಸ್ ಅನ್ನೋ ಸಣ್ಣ ಊರಿಗೆ ರೈಲಲ್ಲಿ ಹೆಚ್ಚೂಕಮ್ಮಿ ಒಂದು ಗಂಟೆ. ಇಂಗ್ಲಿಷ್ ಬೋರ್ಡ್ ನೋಡಿ ಲ್ಯೂಸ್ ಅಂತ ಓದಬೇಡಿ, ಊರವರು ಕರೆಯೋದು ಲೂಯಿಸ್ ಅಂತಲೇ. ನೀವಿಬ್ಬರು ಹೊರಟಿರೋದು ಅಲ್ಲಿನ ಫುಟ್‌ಬಾಲ್ ಕ್ಲಬ್‌ನ ಮ್ಯಾಚ್ ನೋಡೋಕೆ; ಅದರ ಮೈದಾನದ ಹೆಸರೇ ಡ್ರಿಪ್ಪಿಂಗ್ ಪ್ಯಾನ್. ಕ್ಲಬ್ ಆಡೋದು ಇಸ್ಥ್ಮಿಯನ್ ಲೀಗ್‌ನಲ್ಲಿ. ಇಂಗ್ಲೆಂಡಿನ ಮೇಲಿನ ನಾಲ್ಕು ಹಂತದಲ್ಲಿ 92 ಕ್ಲಬ್‌ಗಳಿವೆ. ಐದನೇದು ನ್ಯಾಷನಲ್ ಲೀಗ್, ಆರನೇದು ಅದರದೇ ಉತ್ತರ-ದಕ್ಷಿಣ ವಿಭಾಗ. ಇಸ್ಥ್ಮಿಯನ್ ಶುರುವಾಗೋದು ಏಳರಿಂದ.

ಇಷ್ಟು ಕೆಳಗೆ ಇಳಿದ ಮೇಲೆ ಮ್ಯಾಚ್ ನಡೆದೇ ನಡೆಯುತ್ತೆ ಅಂತ ನೆಚ್ಕೊಂಡು ಹೊರಡೋ ಹಾಗಿಲ್ಲ. ಬೇಸಿಗೆಯಲ್ಲಿ ಬಿಟ್ಟ ವೇಳಾಪಟ್ಟಿ ಚಳಿಗಾಲದ ಹೊತ್ತಿಗೆ ಅರ್ಧ ಅಳಿಸಿ ಬರೆದಿರುತ್ತೆ. ಎಫ್‌ಎ ಕಪ್, ಅಂದ್ರೆ ದೊಡ್ಡ-ಸಣ್ಣ ಕ್ಲಬ್‌ಗಳು ಲೀಗ್ ಜೊತೆಗೇ ಆಡೋ ನಾಕೌಟ್ ಟೂರ್ನಿ; ಅದರ ಅರ್ಹತಾ ಸುತ್ತು ಆಗಸ್ಟ್‌ನಲ್ಲೇ ಶುರು. ಎರಡು ತಂಡಗಳಲ್ಲಿ ಯಾವುದಾದರೂ ಒಂದು ಕಪ್‌ನಲ್ಲಿ ಮುಂದಿನ ಸುತ್ತಿಗೆ ಹೋಯ್ತು ಅಂದ್ರೆ ಆ ಶನಿವಾರದ ಲೀಗ್ ಮ್ಯಾಚ್ ವಾರದ ನಡುವಿನ ಯಾವುದೋ ರಾತ್ರಿಗೆ ಹೋಗುತ್ತೆ. ಹೊರಡೋ ವಾರ ಕ್ಲಬ್‌ನ ಸ್ವಂತ ಪುಟ ನೋಡಿ, ಹಳೇ ಸ್ಕ್ರೀನ್‌ಶಾಟ್ ನಂಬಬೇಡಿ.

ಆಮೇಲೆ ಮಳೆ. ನೀರು ಬಸಿಯೋ ವ್ಯವಸ್ಥೆಗೆ ಸಣ್ಣ ಕ್ಲಬ್ ಹತ್ರ ದುಡ್ಡಿರಲ್ಲ. ಬೆಳಗ್ಗೆ ಹತ್ತಿರದ ಊರಿನ ಒಬ್ಬ ರೆಫರಿ ಬಂದು ಚೆಂಡನ್ನ ಉರುಳಿಸಿ, ಮೇಲಿಂದ ಬಿಟ್ಟು ನೋಡ್ತಾರೆ. ಚೆಂಡು ನೀರಲ್ಲಿ ಕೂತುಬಿಟ್ರೆ ಆಟ ರದ್ದು. ಚಳಿಗೆ ನೆಲ ಹೆಪ್ಪುಗಟ್ಟಿದ ದಿನ ಷೂ ಹಿಮ್ಮಡಿ ಒತ್ತಿ ನೋಡೋದು. ಬಿಸಿಲು ತಾಕದ ಕಡೆ, ಅಂದ್ರೆ ಸ್ಟ್ಯಾಂಡ್‌ನ ನೆರಳು ಬೀಳೋ ಅಂಚು, ಕೊನೆವರೆಗೂ ಕಲ್ಲಿನ ಹಾಗೇ ಇರುತ್ತೆ. ಬೆಳಗ್ಗೆ ಪಾಸಾದ ಮೈದಾನ ಮಧ್ಯಾಹ್ನ ಫೇಲಾಗಬಹುದು, ಯಾಕಂದ್ರೆ ಕೊನೇ ಮಾತು ಮ್ಯಾಚ್ ರೆಫರಿದು. ಇಷ್ಟೆಲ್ಲ ತಲೆನೋವು ಬೇಡ ಅನ್ನೋರು ಜನವರಿಯಲ್ಲಿ ಕೃತಕ ಹುಲ್ಲಿನ ಮೈದಾನ ಇರೋ ಕ್ಲಬ್ ಹುಡುಕಿ.

ಈ ಕಾರಣಕ್ಕೇ ರೈಲಿಗೆ 'ಅಡ್ವಾನ್ಸ್' ಟಿಕೆಟ್ ಬೇಡ. ಅಗ್ಗ ಹೌದು, ಆದರೆ ಅದು ಒಂದೇ ರೈಲಿಗೆ ಕಟ್ಟಿಹಾಕಿದ ಟಿಕೆಟ್, ಮ್ಯಾಚ್ ರದ್ದಾಯ್ತು ಅಂತ ದುಡ್ಡು ವಾಪಸ್ ಬರಲ್ಲ. 'ಆಫ್-ಪೀಕ್', ಅಂದ್ರೆ ಜನದಟ್ಟಣೆ ಇಲ್ಲದ ಹೊತ್ತಿನ ರಿಟರ್ನ್ ದರ ದಿನ ಹತ್ತಿರ ಬಂತು ಅಂತ ಏರಲ್ಲ, ಹಾಗಾಗಿ ಮೈದಾನದ ಸುದ್ದಿ ಕೇಳಿ ಆಮೇಲೆ ತಗೊಳ್ಳಿ. ಇಬ್ಬರಿದ್ದೀರಲ್ಲ, ಅದಕ್ಕೊಂದು ಲಾಭ ಇದೆ: ಟು ಟುಗೆದರ್ ರೈಲ್‌ಕಾರ್ಡ್. ಇಬ್ಬರ ಹೆಸರು, ಇಬ್ಬರ ಫೋಟೊ, ಮೂರರಲ್ಲಿ ಒಂದು ಭಾಗ ಕಡಿತ. ವಾರದ ದಿನಗಳಲ್ಲಿ ಬೆಳಗ್ಗೆ 9.30ಕ್ಕೆ ಮುಂಚೆ ನಡೆಯಲ್ಲ, ಶನಿವಾರ ಆ ಗೊಡವೆ ಇಲ್ಲ. ಆದರೆ ಇಬ್ಬರೂ ಪೂರ್ತಿ ದಾರಿ ಜೊತೆಗೇ ಇರಬೇಕು. ಗೆಳೆಯ ಎದ್ದಿದ್ದು ಲೇಟು, ಮುಂದಿನ ರೈಲಿಗೆ ಬರ್ತಾನೆ ಅಂದ್ರೆ ನಿಮ್ಮ ಟಿಕೆಟ್ಟೂ ಕೆಡ್ತು! ಹಳಿ ರಿಪೇರಿ ಇದೆಯಾ ಅಂತಲೂ ನೋಡ್ಕೊಳ್ಳಿ. ವಾರಾಂತ್ಯದಲ್ಲಿ ರೈಲಿನ ಬದಲು ಬಸ್ ಬಿಟ್ಟರೆ ಲೆಕ್ಕ ಹಾಕಿದ ಒಂದು ಗಂಟೆ ಎಲ್ಲೋ ಹೋಗುತ್ತೆ.

ಸ್ಟೇಷನ್ ಇಳಿದು ಕೆಲವೇ ನಿಮಿಷ ನಡೆದ್ರೆ, ಇಗೋ, ಡ್ರಿಪ್ಪಿಂಗ್ ಪ್ಯಾನ್. ತಗ್ಗಿನಲ್ಲಿ ಮೈದಾನ, ಸುತ್ತ ದಿಬ್ಬ; ಹೆಸರಿಗೆ ತಕ್ಕಂತೆ ಬಾಣಲೆಯೇ. 2017ರಲ್ಲಿ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಸಮಾನ ಬಜೆಟ್ ಕೊಟ್ಟ ಕ್ಲಬ್ ಇದು.

ಬಂದ ತಕ್ಷಣ ಗೋಲ್ ಹಿಂದೆ ಜಾಗ ಹಿಡಿಯೋ ಆತುರ ಬೇಡ. ಟಾಸ್ ಗೆದ್ದ ನಾಯಕ ಯಾವ ಕಡೆಗೆ ದಾಳಿ ಅಂತ ಆರಿಸ್ಕೋಬಹುದು, ಆಮೇಲೆ ಹೋಗಿ ನಿಂತ್ಕೊಳ್ಳಿ. ಈ ಹಂತದಲ್ಲಿ ಎರಡೂ ತಂಡದ ಬೆಂಬಲಿಗರನ್ನ ಸಾಮಾನ್ಯವಾಗಿ ಬೇರೆ ಬೇರೆ ಕೂರಿಸಲ್ಲ, ಹಾಗಾಗಿ ಹಾಫ್ ಟೈಮಲ್ಲಿ ಜನ ಎದುರು ಗೋಲ್ ಕಡೆಗೆ ಸುತ್ತು ಹಾಕಿ ಹೋಗ್ತಾರೆ. ಆ 15 ನಿಮಿಷದಲ್ಲಿ ಟೀ ಕ್ಯೂ ಉದ್ದ ಆಗುತ್ತೆ. 40ನೇ ನಿಮಿಷಕ್ಕೇ ಒಬ್ಬರು ಹೊರಡಿ, ಇನ್ನೊಬ್ಬರು ಗೋಲ್ ಆದ್ರೆ ಫೋನ್ ಮಾಡ್ತಾರೆ. ವಾರ್ಮ್‌ಅಪ್ ಹೊತ್ತಲ್ಲಿ ಮಾತ್ರ ಗೋಲ್ ಹಿಂದೆ ಬಿಸಿ ಕಪ್ ಹಿಡ್ಕೊಂಡು ಮೊಬೈಲ್ ನೋಡ್ತಾ ನಿಲ್ಲಬೇಡಿ. ಗುರಿ ತಪ್ಪಿದ ಚೆಂಡುಗಳೆಲ್ಲ ಬರೋದು ಅಲ್ಲಿಗೇ.

ಬಿಯರ್ ಕಪ್ ಹಿಡಿದು ಆಟ ನೋಡ್ತಿರೋರು ಕಾಣ್ತಿದ್ದಾರಲ್ಲ? 1985ರ ಕಾಯ್ದೆಯ ಪ್ರಕಾರ ಮೇಲಿನ ಐದು ಹಂತದಲ್ಲಿ ಮೈದಾನ ಕಾಣೋ ಜಾಗದಲ್ಲಿ ಕುಡಿಯೋ ಹಾಗಿಲ್ಲ. ಇಲ್ಲಿ ಆ ಕಟ್ಟು ಇಲ್ಲ.

ಮೂರು ಗಂಟೆಗೆ ಶುರುವಾದ ಆಟ ಮುಗಿಯೋದು 4.55ರ ಸುಮಾರಿಗೆ. ಐದು ಗಂಟೆ ರೈಲು ನೆಚ್ಚಬೇಡಿ, ಅದರ ಮುಂದಿನದು ಗುರುತು ಹಾಕ್ಕೊಳ್ಳಿ. ಮಂಗಳವಾರ 7.45ಕ್ಕೆ ಶುರುವಾಗೋ ಆಟವಾದ್ರೆ ಕೊನೇ ರೈಲು ನೋಡಿಯೇ ಟಿಕೆಟ್ ತಗೊಳ್ಳಿ. ಅದು ಕಪ್ ಮ್ಯಾಚ್ ಆಗಿ ಪೆನಾಲ್ಟಿಗೆ ಹೋಯ್ತು ಅಂದ್ರೆ, ಐದನೇ ಕಿಕ್ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಗಡಿಯಾರ ನೋಡ್ತಿರಬೇಕಾಗುತ್ತೆ.