ಹಳ್ಳಿಯ ಸಂಘಟಕರು, ಬೆಂಗಳೂರಿನ ಕಚೇರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರೆಲ್ಲ ಹಳ್ಳಿಗಳಲ್ಲಿ ಜನರ ಸಂಘ ಕಟ್ಟುವ ಸಂಸ್ಥೆಗಳವರು. ಹೆಚ್ಚಿನವರ ಕಚೇರಿ ಬೆಂಗಳೂರಿನಲ್ಲಿ, ಕೆಲಸ ಮಾತ್ರ ಪಾವಗಡದಲ್ಲೋ ದೇವದುರ್ಗದಲ್ಲೋ. ಆದ್ದರಿಂದ ಪೀಠಿಕೆ ಬಿಟ್ಟು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಒಬ್ಬ ಕಾರ್ಯಕರ್ತೆಗೆ ಎಷ್ಟು ಹಳ್ಳಿ ಕೊಡಬೇಕು?

ತಿಂಗಳಿಗೆ 25 ಕೆಲಸದ ದಿನ ಅಂದುಕೊಳ್ಳಿ. ವಾರದ ಪರಿಶೀಲನಾ ಸಭೆಗೆ ನಾಲ್ಕು ದಿನ ಹೋಯಿತು. ತಾಲ್ಲೂಕು ಕಚೇರಿ, ಬ್ಯಾಂಕು, ಪಂಚಾಯ್ತಿ ಅಂತ ಅಲೆಯುವುದಕ್ಕೆ ಮೂರು ದಿನ. ಉಳಿದದ್ದು 18. ಸಂಘ ಗಟ್ಟಿಯಾಗಬೇಕಾದರೆ ಒಂದು ಹಳ್ಳಿಗೆ ತಿಂಗಳಲ್ಲಿ ಎರಡು ಸಲವಾದರೂ ಹೋಗಬೇಕು: ಒಮ್ಮೆ ಸಭೆಗೆ, ಇನ್ನೊಮ್ಮೆ ಸಭೆಗೆ ಬಾರದವರ ಮನೆಗೆ. ಅಲ್ಲಿಗೆ ಒಬ್ಬರಿಗೆ ಒಂಬತ್ತು ಹಳ್ಳಿ. ಯೋಜನಾ ಪ್ರಸ್ತಾವನೆಯಲ್ಲಿ ನಾವು ಸಲೀಸಾಗಿ ಬರೆಯುವುದು 20! ಇಪ್ಪತ್ತು ಕೊಟ್ಟರೆ ಮೊದಲು ತಪ್ಪುವುದು ಆ ಎರಡನೆಯ ಭೇಟಿ. ಸಭೆಗೆ ಬರುವವರು ಬರುತ್ತಲೇ ಇರುತ್ತಾರೆ, ವರದಿಯಲ್ಲಿ ಹಾಜರಾತಿ ಕುಗ್ಗುವುದಿಲ್ಲ. ಹಾಗಾಗಿ ಏನು ತಪ್ಪಿತು ಅನ್ನುವುದು ಬೆಂಗಳೂರಿಗೆ ತಿಳಿಯುವುದೇ ಇಲ್ಲ.

ಇನ್ನು ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಕೇರಿಗೆ ಹೋದರೆ ಸಿಗುವುದು ವಯಸ್ಸಾದವರು ಮತ್ತು ಕೂಸುಗಳು. ಉಳಿದವರೆಲ್ಲ ಹೊಲದಲ್ಲೋ ಕೂಲಿಯಲ್ಲೋ ಇರುತ್ತಾರೆ. ಹಳೇ ಮೈಸೂರು ಕಡೆ ಸಂಜೆ ಡೈರಿಗೆ ಹಾಲು ಹಾಕಿ, ಅಡುಗೆಗೆ ಇಟ್ಟ ಮೇಲೆಯೇ ಹೆಂಗಸರಿಗೆ ಬಿಡುವು. ಸಭೆ ಏಳೂವರೆಗೆ ಕೂಡುತ್ತದೆ, ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ರಾತ್ರಿ ಸಭೆ ಬೇಕು ಅನ್ನುವ ಸಂಯೋಜಕರು ವಾಪಸ್ ಬರುವ ದಾರಿಯನ್ನೂ ಹೇಳಬೇಕು: ಇಬ್ಬರು ಜೊತೆಯಾಗಿ ಹೋಗುವುದೋ, ಊರಲ್ಲೇ ಗೊತ್ತಾದ ಮನೆಯಲ್ಲಿ ತಂಗುವುದೋ. ಮರುದಿನ ಬೆಳಿಗ್ಗೆ ರಜೆ ಕೊಡಿ. ರಾತ್ರಿ ಹತ್ತಕ್ಕೆ ಮನೆ ಸೇರಿದವರಿಂದ ಒಂಬತ್ತೂವರೆಗೆ ಬಯೋಮೆಟ್ರಿಕ್ ಹಾಜರಿ ಕೇಳುವ ಸಂಸ್ಥೆಗೆ ಹಗಲು ಸಭೆಗಳ ವರದಿಯೇ ಬರುತ್ತದೆ, ಬೇರೆ ಬರುವುದಿಲ್ಲ.

ಸಭೆಯ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತಂಡ ನಡೆಸುವವರು ಇದನ್ನು ಚಿಕ್ಕ ವಿಷಯ ಅಂದುಕೊಳ್ಳುತ್ತಾರೆ. ದೇವಸ್ಥಾನದ ಕಟ್ಟೆಯ ಮೇಲೆ ಕರೆದರೆ ದಲಿತ ಕೇರಿಯವರು ಬರುವುದಿಲ್ಲ, ಬಂದರೂ ದೂರದಲ್ಲಿ ನಿಲ್ಲುತ್ತಾರೆ. ಊರ ಪ್ರಮುಖರ ಜಗಲಿಯಲ್ಲಿ ಸೇರಿದರೆ ಯಜಮಾನರೇ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಶಾಲೆಯ ಅಂಗಳ ಎಷ್ಟೋ ವಾಸಿ. ಇಲ್ಲವಾದರೆ ಮೊದಲ ಎರಡು ಮೂರು ಸಭೆ ಕೇರಿಯಲ್ಲೇ ಆಗಲಿ. ಕಾರ್ಯಕರ್ತೆ ಯಾರ ಮನೆಯಲ್ಲಿ ನೀರು ಕುಡಿದಳು, ಯಾರ ಮನೆಯಲ್ಲಿ ಉಂಡಳು ಅನ್ನುವುದನ್ನು ಊರು ಮೊದಲ ದಿನವೇ ಲೆಕ್ಕ ಇಟ್ಟಿರುತ್ತದೆ. ನೇಮಕದ ಹೊತ್ತಿನಲ್ಲೇ ಈ ಮಾತು ಬಾಯಿಬಿಟ್ಟು ಆಡಿಬಿಡಿ. ಸ್ಥಳೀಯರನ್ನು ತೆಗೆದುಕೊಂಡರೆ ಭಾಷೆ, ನೆಂಟಸ್ತಿಕೆ, ದಾರಿ ಎಲ್ಲ ಗೊತ್ತಿರುತ್ತದೆ, ಆದರೆ ಸ್ವಂತ ಊರಿನಲ್ಲಿ ದೊಡ್ಡವರ ಎದುರು ಮಾತಾಡುವುದು ಕಷ್ಟ. ಪಕ್ಕದ ಹೋಬಳಿಯವರನ್ನು ಹಾಕುವುದು ನಡುದಾರಿ. ದಲಿತ ಕಾರ್ಯಕರ್ತರಿಗೆ ಹೋಬಳಿ ಊರಿನಲ್ಲಿ ಬಾಡಿಗೆ ಮನೆ ಸಿಗದಿದ್ದರೆ ಅದು ಅವರ ಸ್ವಂತ ತೊಂದರೆಯಲ್ಲ, ಸಂಸ್ಥೆಯೇ ನಿಂತು ಬಗೆಹರಿಸಬೇಕು.

ವರದಿಗೆ ಆ್ಯಪ್ ಮಾಡಿಸುವ ಮೊದಲು 200 ಪುಟದ ಒಂದು ನೋಟ್‌ಬುಕ್ ಕೊಟ್ಟು ನೋಡಿ. ಒಂದು ಸಭೆಗೆ ಒಂದು ಪುಟ. ಯಾವ ಕೇರಿಯಿಂದ ಎಷ್ಟು ಜನ ಬಂದರು, ಯಾರು ಯಾರು ಬಾಯಿಬಿಟ್ಟರು, ಏನು ತೀರ್ಮಾನವಾಯಿತು, ಯಾರು ಯಾವ ತಾರೀಖಿಗೆ ಮಾಡುವುದಾಗಿ ಒಪ್ಪಿಕೊಂಡರು. ನಾನಾದರೆ ಮೊದಲು ಓದುವುದು ಎರಡನೆಯದನ್ನು. ಮೂರು ತಿಂಗಳಾದರೂ ಅವೇ ಮೂರು ಹೆಸರಿದ್ದರೆ ಅಲ್ಲಿ ಇನ್ನೂ ಸಂಘ ಹುಟ್ಟಿಲ್ಲ, ಮೂವರು ಮುಖಂಡರು ಸಿಕ್ಕಿದ್ದಾರೆ ಅಷ್ಟೆ. ವಾರದ ಸಭೆಯಲ್ಲಿ ಏನು ಆಗಲಿಲ್ಲ ಅನ್ನುವುದನ್ನೇ ಮೊದಲು ಕೇಳಿ. ಆಗಲಿಲ್ಲ ಎಂದವರನ್ನು ಎಲ್ಲರ ಮುಂದೆ ಬೈದರೆ ಮುಂದಿನ ವಾರದಿಂದ ಎಲ್ಲರದ್ದೂ ಎಲ್ಲವೂ ಆಗಿರುತ್ತದೆ. ತಿಂಗಳಿಗೊಮ್ಮೆ ಸಂಯೋಜಕರು ಒಬ್ಬೊಬ್ಬರ ಜೊತೆ ಹಳ್ಳಿಗೆ ಹೋಗಿ ಹಿಂದೆ ಕೂರಬೇಕು, ಭಾಷಣ ಮಾಡಬಾರದು. ಜನ ಕಾರ್ಯಕರ್ತೆಯನ್ನು ಬಿಟ್ಟು ಅವರ ಕಡೆ ತಿರುಗಿ ಅಹವಾಲು ಹೇಳತೊಡಗಿದರೆ ಆ ದಿನ ಅವಳ ಕೆಲಸ ಒಂದು ಹೆಜ್ಜೆ ಹಿಂದೆ ಹೋಯಿತು ಅಂತಲೇ ಲೆಕ್ಕ.

ಕೆಲಸ ಹಾಳಾಗುವ ಇನ್ನೊಂದು ಬಗೆಯಿದೆ, ಅದು ಒಳ್ಳೆಯ ಕಾರ್ಯಕರ್ತರಲ್ಲೇ ಹೆಚ್ಚು. ಪಿಂಚಣಿ, ಪಡಿತರ ಚೀಟಿ, ಉದ್ಯೋಗ ಖಾತರಿ, ಎಲ್ಲರ ಅರ್ಜಿಯನ್ನೂ ತಾವೇ ಬರೆದು ತಾವೇ ಕೊಟ್ಟು ಬರುತ್ತಾರೆ. ಆರು ತಿಂಗಳಲ್ಲಿ ಅವರು ದುಡ್ಡು ತೆಗೆದುಕೊಳ್ಳದ ದಲ್ಲಾಳಿ. ರೂಢಿ ಹೀಗಿರಲಿ: ಮೊದಲ ಅರ್ಜಿ ಕಾರ್ಯಕರ್ತೆ ಬರೆಯಲಿ, ಎರಡನೆಯದನ್ನು ಪಕ್ಕದಲ್ಲಿ ಕೂತು ಬರೆಸಲಿ, ಮೂರನೆಯದು ಊರಿನ ಹುಡುಗಿಯೋ ಹುಡುಗನೋ ಬರೆಯಲಿ. ಪಿಡಿಒಗೆ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ, ಬಾಯಲ್ಲಿ ಹೇಳಿದ್ದು ಅರ್ಜಿಯಾಗುವುದಿಲ್ಲ. ತಾರೀಖು, ಸಹಿ, ಮೊಹರು ಇರುವ ಸ್ವೀಕೃತಿ ಬೇಕು. ಅಸಲು ಅರ್ಜಿದಾರರ ಕೈಯಲ್ಲಿರಲಿ, ನಮಗೆ ಫೋಟೊ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಉತ್ತರಕ್ಕೆ 30 ದಿನದ ಗಡುವಿದೆ. ಸ್ವೀಕೃತಿ ಇಲ್ಲದಿದ್ದರೆ ಆ ದಿನಗಳನ್ನು ಎಲ್ಲಿಂದ ಎಣಿಸುತ್ತೀರಿ?

ಹಣದ ವಿಷಯ ಚುಟುಕಾಗಿ. ದಿನಕ್ಕೆ 30 ಕಿ.ಮೀ.ಯಂತೆ 18 ದಿನಕ್ಕೆ 540 ಕಿ.ಮೀ. ಬೈಕು ಲೀಟರಿಗೆ 45 ಕೊಟ್ಟರೆ 12 ಲೀಟರ್, ನೂರರ ಆಸುಪಾಸಿನ ದರದಲ್ಲಿ 1,200 ರೂಪಾಯಿ, ಮೇಲೆ ಆಯಿಲ್ಲು, ಟೈರು, ಪಂಕ್ಚರ್. ಇದನ್ನು ಮುಂಗಡವಾಗಿ ಕೊಡಿ. ವೋಚರ್ ನೋಡಿ ಮುಂದಿನ ತಿಂಗಳು ಕೊಡುವ ಪದ್ಧತಿ ಇದ್ದರೆ ಕೊನೆಯ ವಾರ ದೂರದ ತಾಂಡಾ, ದೊಡ್ಡಿಗಳ ಭೇಟಿ ತಪ್ಪುತ್ತದೆ. ಅದನ್ನು ಸೋಮಾರಿತನ ಅನ್ನುವ ಮೊದಲು ಪೆಟ್ರೋಲಿಗೆ ಕಾಸಿತ್ತೇ ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಎಷ್ಟೋ ಕಡೆ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಒಳಕ್ಕೆ ಆಟೊ ಬೇಕು. ಭತ್ಯೆ ಕತ್ತರಿಸಬೇಡಿ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋಗುವ ಜಾಗವೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಆಂತರಿಕ ಸಮಿತಿ ಕಡ್ಡಾಯ, ಕಡಿಮೆಯಿದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ. ಕ್ಷೇತ್ರದಲ್ಲಿರುವವರಿಗೆ ಸಮಿತಿಯ ಸದಸ್ಯರ ಫೋನ್ ನಂಬರು ಗೊತ್ತಿರಬೇಕು. ಹೆಡ್ಡಾಫೀಸಿನ ಗೋಡೆಗೆ ಅಂಟಿಸಿದರೆ ಅವರಿಗೆ ಕಾಣುವುದಿಲ್ಲ.

ಯಾದಗಿರಿ, ರಾಯಚೂರು ಕಡೆ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೊರಡುತ್ತಾರೆ, ಬಹಳಷ್ಟು ಮಂದಿ ಬೆಂಗಳೂರಿಗೇ. ಆ ತಿಂಗಳುಗಳಲ್ಲಿ ಹಾಜರಾತಿಯ ಗುರಿ ಇಳಿಸಿ. ಇಲ್ಲಿನ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಭಾನುವಾರ ಹೋಗಿ ಸಂಘದ ಸದಸ್ಯರನ್ನು ಮಾತಾಡಿಸುವ ಕೆಲಸವನ್ನು ಬೆಂಗಳೂರಿನ ಸಿಬ್ಬಂದಿಯೇ ಮಾಡಬಹುದು.

ಕೊನೆಯದಾಗಿ, ಕಾರ್ಯಕರ್ತರು ಕೆಲಸ ಬಿಡುತ್ತಾರೆ, ಅದಕ್ಕೆ ತಯಾರಿ ಬೇಕು. ಹೊಸಬರನ್ನು ಕನಿಷ್ಠ ಎರಡು ವಾರ ಮೊದಲೇ ಸೇರಿಸಿ, ಒಂಬತ್ತೂ ಹಳ್ಳಿಗೆ ಇಬ್ಬರೂ ಜೊತೆಯಾಗಿ ಹೋಗಿ ಬರಲಿ. ನೋಟ್‌ಬುಕ್ಕು, ಸ್ವೀಕೃತಿಗಳ ಫೋಟೊ, ಬಾಕಿ ಅರ್ಜಿಗಳ ಪಟ್ಟಿ, ವಾಟ್ಸಾಪ್ ಗುಂಪುಗಳ ಅಡ್ಮಿನ್, ಇಷ್ಟೂ ಕೈ ಬದಲಾಗಬೇಕು. ಸಿಮ್ ಕಾರ್ಡು ಮೊದಲಿನಿಂದಲೇ ಸಂಸ್ಥೆಯ ಹೆಸರಿನಲ್ಲಿದ್ದರೆ ಊರಿನವರು ಹಳೆಯ ನಂಬರಿಗೆ ಕರೆ ಮಾಡಿದಾಗ ಹೊಸಬರು ಎತ್ತಿಕೊಳ್ಳುತ್ತಾರೆ.